ಆಕಾಶವನ್ನು ಕೊನೆಗೆ ಬಳಿಯುವ ಗೆಳೆಯನಿಗೆ

ವಿಜಯಪುರ

ಪ್ರೀತಿಯ ದೋಸ್ತ,

ನೀ ಕಳಿಸಿದ ಗೋಳಗುಮ್ಮಟದ ಚಿತ್ರ ನೋಡಿದೆ. ಅವ್ವನಿಗೂ ತೋರಿಸಿದೆ. ‘ಫೋಟೋ ಇದ್ದಂಗ ಐತಲ್ಲೋ’ ಅಂದಳು. ಅವಳ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ನಾನು ಮಾತ್ರ ಸ್ವಲ್ಪ ಜಗಳ ತೆಗೆಯುವವನಿದ್ದೇನೆ. ಗುಮ್ಮಟದ ಬುಡದ ಕಮಲದ ಎಸಳು, ಮೂಲೆಯ ಮಿನಾರುಗಳ ಏಳೇಳು ಅಂತಸ್ತು, ಅಂತಸ್ತಿಗೊಂದೊಂದು ಸಾಲು ಕಮಾನು, ಯಾವುದನ್ನೂ ಬಿಟ್ಟಿಲ್ಲ. ಅಷ್ಟೆಲ್ಲ ಮಾಡಿದವ ಮೇಲಿನ ಅರ್ಧ ಹಾಳೆಗೆ ಒಂದೇ ನೀಲಿ ವಾಷ್, ಅಂದರೆ ತೆಳು ಬಣ್ಣದ ನೀರು, ಎಳೆದು ಎದ್ದುಬಿಟ್ಟಿದ್ದೀ. ಅದು ಯಾವ ತಿಂಗಳು? ಮುಂಜಾನೆಯೋ, ಮಧ್ಯಾಹ್ನವೋ? ಗಾಳಿ ಯಾವ ಕಡೆಯದು? ಚಿತ್ರ ಒಂದಕ್ಕೂ ಉತ್ತರ ಕೊಡುವುದಿಲ್ಲ.

ಕೆಳಗೆ ಬೇರೆ ಬರೆದಿದ್ದೀ: ‘ಇದೊಂದು ಬಿಟ್ಟರ ನಮ್ಮೂರಾಗ ತೆಗಿಯಾಕ ಇನ್ನೇನೈತಿ? ಬರೇ ಬಯಲು. ಡಿಸೆಂಬರಿಗೆ ಹಿಮಾಚಲಕ್ಕ ಹೊಂಟೀನಿ.’ ಹೋಗಿ ಬಾ, ಬೇಡ ಅನ್ನುವುದಿಲ್ಲ. ಹೋಗುವ ಮೊದಲು ನಿಸರ್ಗಚಿತ್ರಕಾರ ಜಾನ್ ಕಾನ್‌ಸ್ಟೆಬಲ್‌ನ ಕಥೆ ಒಂದಿಷ್ಟು ಕೇಳು. (ಹೆಸರು ಕೇಳಿ ಗಾಂಧಿಚೌಕದ ಠಾಣೆ ನೆನಪಾದರೆ ಅದು ನನ್ನ ತಪ್ಪಲ್ಲ.)

ಹುಟ್ಟಿದ್ದು 1776ರಲ್ಲಿ, ಇಂಗ್ಲೆಂಡಿನ ಸಫೋಕ್ ಸೀಮೆಯ ಈಸ್ಟ್ ಬರ್ಗೋಲ್ಟ್ ಎಂಬ ಹಳ್ಳಿಯಲ್ಲಿ. ಅಪ್ಪ ಕಾಳುಕಡಿಯ ವ್ಯಾಪಾರಿ. ಸ್ಟೂರ್ ಹೊಳೆಗೆ ಫ್ಲ್ಯಾಟ್‌ಫರ್ಡ್, ಡೆಡಮ್‌ಗಳಲ್ಲಿ ನೀರಿನ ಗಿರಣಿ, ಊರ ಬಯಲಲ್ಲಿ ಗಾಳಿ ಗಿರಣಿ. ಮಗನೂ ಒಂದು ವರ್ಷದಷ್ಟು ಕಾಲ ಗಿರಣಿಯಲ್ಲಿ ದುಡಿದ. ಗಾಳಿ ನಂಬಿ ಹಿಟ್ಟು ಬೀಸುವವನು ಮೋಡ ನೋಡದೆ ಇರಲಾರ. ಇವನ ಕಣ್ಣು ಪಳಗಿದ್ದೇ ಅಲ್ಲಿ ಅಂತ ನನಗನಿಸುತ್ತದೆ. ಇವನ ತಮ್ಮ ಏಬ್ರಮ್ ಮುಂದೆ ಗಿರಣಿ ನೋಡಿಕೊಂಡ. ‘ಬೇರೆಯವರ ಚಿತ್ರದ ಗಿರಣಿ ತಿರುಗುತ್ತದೆಂಬ ಭರವಸೆ ಇಲ್ಲ, ಜಾನ್ ಬರೆದದ್ದು ಮಾತ್ರ ತಿರುಗುತ್ತದೆ’ ಎನ್ನುವ ಅರ್ಥದ ಮಾತು ಅವನದು. ಯಾವ ವಿಮರ್ಶಕನೂ ಇವನಿಗೆ ಇಷ್ಟು ಒಳ್ಳೆಯ ಸರ್ಟಿಫಿಕೇಟ್ ಕೊಟ್ಟಂತಿಲ್ಲ.

ಊರಲ್ಲಿ ಕೊಳಾಯಿ, ಗಾಜು ಕೂಡಿಸುವ ಕೆಲಸದ ಡನ್‌ಥಾರ್ನ್ ಅನ್ನುವವ ಇವನ ಜೋಡಿ. ಇಬ್ಬರೂ ಬಯಲಿಗೆ ಹೋಗಿ ಚಿತ್ರ ತೆಗೆಯುವರು. ಲಂಡನ್ನಿನ ರಾಯಲ್ ಅಕಾಡೆಮಿ ಶಾಲೆ ಸೇರಿದ ಮೇಲೆ, 1802ರಲ್ಲಿ, ಅದೇ ಡನ್‌ಥಾರ್ನ್‌ಗೆ ಪತ್ರ ಬರೆದು ಹೇಳಿಕೊಂಡ: ಇಷ್ಟು ದಿನ ಬೇರೆಯವರ ಚಿತ್ರಗಳ ಹಿಂದೆ ಓಡಿದೆ, ಸತ್ಯವನ್ನು ಎರಡನೇ ಕೈಯಿಂದ ಇಸಗೊಂಡೆ, ಇನ್ನು ಊರಿಗೆ ಬಂದು ಕಣ್ಣೆದುರಿನದ್ದನ್ನೇ ತೆಗೆಯುತ್ತೇನೆ ಅಂತ. ಅದೇ ವರ್ಷ ಸೈನ್ಯದ ಕಾಲೇಜಿನಲ್ಲಿ ಡ್ರಾಯಿಂಗ್ ಮಾಸ್ತರ ಕೆಲಸ ಸಿಗುವುದಿತ್ತು, ಬೇಡ ಅಂದ. (ಡ್ರಾಯಿಂಗ್ ಮಾಸ್ತರನಾಗಿಯೇ ಹೊಟ್ಟೆ ಹೊರೆಯುತ್ತಿರುವ ನನಗೆ ಈ ಜಾಗ ಓದುವಾಗೊಮ್ಮೆ ಇರುಸುಮುರುಸು.)

1806ರಲ್ಲಿ ಗುಡ್ಡಬೆಟ್ಟ ಸರೋವರಗಳ ಲೇಕ್ ಡಿಸ್ಟ್ರಿಕ್ಟ್‌ಗೂ ಹೋಗಿಬಂದ. ಚಿತ್ರಗಳನ್ನೇನೋ ತೆಗೆದ, ಆದರೆ ಆ ಬೆಟ್ಟಗಳ ಏಕಾಂತ ತನ್ನ ಮನಸ್ಸನ್ನು ಕುಗ್ಗಿಸಿತು ಎಂದು ಆಮೇಲೆ ಗೆಳೆಯನ ಮುಂದೆ ಹೇಳಿಕೊಂಡ. ಜೀವಮಾನದಲ್ಲಿ ಇಂಗ್ಲೆಂಡ್ ಬಿಟ್ಟು ಹೊರಗೇ ಹೋಗಲಿಲ್ಲ. 1824ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ‘ದಿ ಹೇ ವೇನ್’ಗೆ ಚಿನ್ನದ ಪದಕ ಬಂದಾಗಲೂ ಹೋಗಲಿಲ್ಲ. ಹೊಳೆಯಲ್ಲಿ ನಿಂತ ಬಂಡಿಯ ಆ ಚಿತ್ರ ನೀನೂ ಕ್ಯಾಲೆಂಡರಿನಲ್ಲಿ ನೋಡಿರುತ್ತೀ. ಸುಮಾರು 185 ಸೆಂಟಿಮೀಟರ್ ಅಗಲದ ಕ್ಯಾನ್ವಾಸು. 1821ರಲ್ಲಿ ಲಂಡನ್ನಿನಲ್ಲಿ ಇಟ್ಟಾಗ ಕೊಳ್ಳುವವರು ಸಿಗಲಿಲ್ಲ.

ಈಗ ಆಕಾಶದ ವಿಷಯ. ಹೆಂಡತಿ ಮರಿಯಾಳ ಆರೋಗ್ಯದ ಸಲುವಾಗಿ ಲಂಡನ್ನಿನ ಹೊರಗಿನ ದಿಬ್ಬ ಹ್ಯಾಂಪ್‌ಸ್ಟೆಡ್‌ನಲ್ಲಿ ಮನೆ ಹಿಡಿದಿದ್ದ. 1821, 1822ರಲ್ಲಿ ಅಲ್ಲಿ ಕೂತು ಮೋಡಗಳ ಮೇಲೆ ಮೋಡಗಳನ್ನು ತೆಗೆದ. ಎಷ್ಟೋ ಹಾಳೆಗಳಲ್ಲಿ ನೆಲವೂ ಇಲ್ಲ, ಗಿಡವೂ ಇಲ್ಲ, ಬರೀ ಮೋಡ. ಎಣ್ಣೆಬಣ್ಣದಲ್ಲಿ, ಕಾಗದದ ಮೇಲೆ, ಮೋಡ ಚದುರುವುದರೊಳಗೆ ಮುಗಿಯಬೇಕು. ಮುಗಿದ ಮೇಲೆ ಹಾಳೆಯ ಹಿಂದೆ ಬರೆದಿಡುವನು. ಒಂದರ ಹಿಂದೆ ಹೀಗಿದೆ: 1822ರ ಸೆಪ್ಟೆಂಬರ್ 5, ಬೆಳಿಗ್ಗೆ ಹತ್ತು ಗಂಟೆ, ಆಗ್ನೇಯಕ್ಕೆ ಮುಖ, ಪಶ್ಚಿಮದಿಂದ ಬಿರುಸು ಗಾಳಿ, ಹಳದಿ ಹಾಸಿನ ಮೇಲೆ ಬೂದು ಮೋಡಗಳು ವೇಗವಾಗಿ ಓಡುತ್ತಿವೆ. ನಮ್ಮ ಲೆಕ್ಕದಲ್ಲಿ ಅವು ಹುಬ್ಬಿ ಮಳೆಯ ದಿನಗಳು! ಆ ಅಕ್ಟೋಬರಿನಲ್ಲಿ ಗೆಳೆಯ ಫಿಶರ್‌ಗೆ ಬರೆದ ಪತ್ರದಲ್ಲಿ, ಸುಮಾರು 50 ಆಕಾಶಗಳನ್ನು ಜೋಪಾನವಾಗಿ ಮುಗಿಸಿದ್ದೇನೆ ಅನ್ನುತ್ತಾನೆ. ಮೋಡಗಳಿಗೆ ಶಾಸ್ತ್ರೀಯವಾಗಿ ಹೆಸರಿಟ್ಟು ವಿಂಗಡಿಸಿ ಆಗ ಇಪ್ಪತ್ತು ವರ್ಷವಾಗುತ್ತ ಬಂದಿತ್ತು. ಥಾಮಸ್ ಫಾರ್ಸ್ಟರ್‌ನ ಹವಾಮಾನದ ಪುಸ್ತಕ ಇಟ್ಟುಕೊಂಡು ಅಂಚಿನಲ್ಲಿ ಟಿಪ್ಪಣಿ ಹಾಕಿಕೊಂಡು ಓದಿದ್ದಾನೆ.

ನಿನಗೆ ಓದಿಸಬೇಕಾದದ್ದು ಫಿಶರ್‌ಗೆ ಅವನು 1821ರ ಅಕ್ಟೋಬರಿನಲ್ಲಿ ಬರೆದ ಇನ್ನೊಂದು ಪತ್ರ. ಆಕಾಶವೆಂದರೆ ವಸ್ತುಗಳ ಹಿಂದೆ ಕಟ್ಟಿದ ಬಿಳಿ ಚಾದರ ಇದ್ದಂತೆ ಇರಲಿ ಎಂದು ಅವನಿಗೆ ಯಾರೋ ಬುದ್ಧಿ ಹೇಳಿದ್ದರಂತೆ. ಅದಕ್ಕೆ ಅವನ ಉತ್ತರ: ನಿಸರ್ಗಚಿತ್ರಕ್ಕೆ ಶ್ರುತಿ ಹಿಡಿಯುವುದೇ ಆಕಾಶ, ಅಳತೆಗೋಲೂ ಅದೇ, ಭಾವ ಹೊಮ್ಮುವುದೂ ಅಲ್ಲಿಂದಲೇ, ಬೆಳಕೆಲ್ಲ ಅಲ್ಲಿಂದ ಇಳಿದು ಕೆಳಗಿನ ಎಲ್ಲವನ್ನೂ ಆಳುತ್ತದೆ. ಈಗ ನಿನ್ನ ಚಿತ್ರ ಮತ್ತೊಮ್ಮೆ ನೋಡು. ಗುಮ್ಮಟದ ಬಲಕ್ಕೆ ನೆರಳು ಬಿದ್ದಿದೆ, ಆದರೆ ಆ ನೆರಳು ಕೊಟ್ಟ ಬೆಳಕು ನಿನ್ನ ನೀಲಿಯಲ್ಲಿ ಎಲ್ಲೂ ಇಲ್ಲ. 1656ರಲ್ಲಿ ಮುಗಿದ ಅಷ್ಟು ದೊಡ್ಡ ಕಟ್ಟಡ, 44 ಮೀಟರ್ ಹೊರ ವ್ಯಾಸದ ಗುಮ್ಮಟ, ಹಗುರಾಗಿ ಕಾಣುವುದು ಅದಕ್ಕೇ.

ಅವನ ಎಲ್ಲವೂ ನನಗೆ ಒಪ್ಪಿಗೆ ಅಂತ ತಿಳಿಯಬೇಡ. ದೊಡ್ಡ ಕ್ಯಾನ್ವಾಸಿಗೆ ಮೊದಲು ಅಷ್ಟೇ ದೊಡ್ಡ ಅಳತೆಯಲ್ಲಿ ಒಂದು ಕರಡು ತೆಗೆಯುತ್ತಿದ್ದ. ನನಗೆ ಆ ಕರಡುಗಳೇ ಮೇಲು, ಮುಗಿಸಿದವು ಸಭೆಗೆ ಹೊರಟಂತೆ ತಲೆ ಬಾಚಿಕೊಂಡಿರುತ್ತವೆ. ಇನ್ನೊಂದು: ಆ ಹೊಲಗಳಲ್ಲಿ ದುಡಿಯುವವರು ಬಹಳ ಸಲ ದೂರದ ಚುಕ್ಕೆಗಳು. 1822ರಲ್ಲಿ ಸಫೋಕ್‌ನ ಕೂಲಿಗಳು ಬೆಂಕಿ ಹಚ್ಚುವಷ್ಟು ಸಿಟ್ಟಿಗೆದ್ದಿದ್ದರು, ಚಿತ್ರಗಳಲ್ಲಿ ಅದರ ಹೊಗೆಯೂ ಇಲ್ಲ. ಗಿರಣಿ ಮಾಲೀಕರ ಮಗ, ಏನು ಮಾಡುವುದು. ಎರಿ ಹೊಲದಲ್ಲಿ ಕೂತು ತೆಗೆಯುವ ನಾವು ಆ ತಪ್ಪು ಮಾಡಬಾರದು.

ಬದುಕು ಸುಲಭದ್ದಾಗಿರಲಿಲ್ಲ. ಮರಿಯಾಳ ಅಜ್ಜನ ವಿರೋಧದಿಂದ ವರ್ಷಾನುಗಟ್ಟಲೆ ಕಾದು 1816ರಲ್ಲಿ ಮದುವೆ. 1828ರಲ್ಲಿ ಏಳು ಮಕ್ಕಳನ್ನು ಬಿಟ್ಟು ಕ್ಷಯದಿಂದ ಅವಳು ಹೋದಳು. ಮರುವರ್ಷ, 52ನೇ ವಯಸ್ಸಿನಲ್ಲಿ, ಒಂದೇ ಮತದ ಅಂತರದಿಂದ ಅಕಾಡೆಮಿಯ ಪೂರ್ಣ ಸದಸ್ಯತ್ವ. 1837ರಲ್ಲಿ ತೀರಿಕೊಂಡ.

ನಮ್ಮ ಬಯಲಿಗೆ ಬರೋಣ. ‘ಡೋಣಿ ಬೆಳೆದರ ಓಣೆಲ್ಲ ಜೋಳ’ ಅನ್ನುವ ಡೋಣಿ ಹೊಳೆಯ ಸಾಲಿನಲ್ಲಿ ನಿಂತರೆ ಕಣ್ಣಿಗೆ ಅಡ್ಡ ಬರುವುದು ಎಲ್ಲೋ ಒಂದು ಬೇವಿನ ಗಿಡ, ಬದುವಿನ ಮೇಲೊಂದಿಷ್ಟು ಜಾಲಿ. ಉಳಿದದ್ದೆಲ್ಲ ಆಕಾಶ. ನಮ್ಮ ರೈತರು ಅದನ್ನು ಓದುವಷ್ಟು ನಾವಿಬ್ಬರೂ ಓದಿಲ್ಲ. ‘ಮಾಡ ಕಟ್ಟೈತಿ ಖರೆ, ಗಾಳಿ ಬಿಟ್ಟೈತಿ, ಮಳಿ ಬರಂಗಿಲ್ಲ’ ಅಂತ ಮೊನ್ನೆ ಪಕ್ಕದ ಹೊಲದ ಕಾಕಾ ಅಂದ. ಸಂಜೆಗೆ ಹಾಗೇ ಆಯಿತು. ಹಿಂಗಾರಿ ಬಿತ್ತಿಗೆ ಕಾಯುವ ಹಸಿ ಎರಿಯ ಕಪ್ಪಿನಲ್ಲಿ ಮೇಲಿನ ಮೋಡದ ನೀಲಿ ಕೂತಿರುತ್ತದೆ. ಆ ಕಪ್ಪನ್ನು ಟ್ಯೂಬಿನ ಕಪ್ಪಿನಿಂದ ತೆಗೆಯಲು ಹೋದರೆ ಹೊಲ ಡಾಂಬರು ರಸ್ತೆಯಾಗುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನಾ ಕಂದು ಕೂಡಿಸಿ ನೋಡು.

ಉತ್ತರಿ, ಹಸ್ತ ಮಳೆಯ ಹೊತ್ತಿಗೆ ರಜೆ ಹಾಕಿ ಬಾ. ಸಾರವಾಡದ ಕಡೆ ಒಂದೇ ಬದುವಿನ ಮೇಲೆ ಕೂಡೋಣ, ಜಾಗ ಬದಲಿಸುವುದು ಬೇಡ. ಜಲವರ್ಣ ಇಲ್ಲಿನ ಗಾಳಿಗೆ ಬೇಗ ಒಣಗಿ ಅಂಚು ಗಟ್ಟಿಯಾಗುತ್ತದೆ, ಮೋಡಕ್ಕೆ ಆ ಅಂಚು ಬೇಡ. ಅದಕ್ಕೆ ಎಣ್ಣೆಬಣ್ಣವನ್ನೇ ತಾ. ದಪ್ಪ ಹಾಳೆಗೆ ಮೊದಲೇ ಜೆಸ್ಸೋ (ಬಿಳಿ ತಳಬಣ್ಣ) ಬಳಿದು, ಅಂಗೈ ಎರಡರಷ್ಟು ಕತ್ತರಿಸಿ ಇಟ್ಟುಕೊ. ಬುತ್ತಿ ನಮ್ಮ ಮನೆಯದು. ಹಾಳೆಯ ಹಿಂದೆ ಹೊತ್ತು, ಗಾಳಿ ಬರೆಯಲು ಪೆನ್ಸಿಲ್ ಇರಲಿ, ಬಾಲ್‌ಪೆನ್ ಶಾಯಿ ಎಣ್ಣೆಗೆ ಹರಡುತ್ತದೆ.

ಇಂತಿ ನಿನ್ನ,
ಮಾಸ್ತರ