ಒಂದು ‘ಪಿ’ ಅಕ್ಷರಕ್ಕೆ ಐದು ವರ್ಷ

ಸಂಪಾದಕರೇ,

ಕೊಪ್ಪಳದಲ್ಲಿ ನನ್ನದೊಂದು ಬಂಡಿ ಇದೆ. ಬೆಳಿಗ್ಗೆ ಒಗ್ಗರಣೆ, ಸಂಜೆ ಮಿರ್ಚಿ. ಗಿಣಿಗೇರಾ ಕಡೆಯ ಫ್ಯಾಕ್ಟರಿಗಳಿಂದ ಶಿಫ್ಟ್ ಮುಗಿಸಿ ಬರುವ ಹುಡುಗರು ಹೆಲ್ಮೆಟ್ ಮೊಣಕೈಗೆ ಸಿಕ್ಕಿಸಿಕೊಂಡು ನಿಂತಲ್ಲೇ ತಿಂತಾರೆ. ಕೆಲಸ ಬಿಟ್ಟ ಹುಡುಗ ಯಾರಾದರೂ ಸಿಕ್ಕರೆ ಮಾತು ಒಂದೇ: ‘ಅಣ್ಣಾ, ನನ್ನ ಪಿಎಫ್ ಬರವಲ್ದು.’ ವಾರಕ್ಕೆ ಒಬ್ಬರಾದರೂ ಹೀಗೆ ಅಂತಾರೆ. ನನ್ನ ಪಿಎಫ್ (ಭವಿಷ್ಯ ನಿಧಿ) ದುಡ್ಡು ಬರೋಕೆ ಐದು ವರ್ಷ ಹಿಡೀತು, ಅದಕ್ಕೆ ಈ ಪತ್ರ.

ನಾನು 2015ರ ಜನವರಿಯಿಂದ 2020ರ ಮಾರ್ಚ್‌ವರೆಗೆ ಒಂದು ಸ್ಪಾಂಜ್ ಐರನ್ ಫ್ಯಾಕ್ಟರಿಯ ಲಾರಿ ತೂಕ ಹಾಕುವ ಕಾಟಾದಲ್ಲಿ ಗುಮಾಸ್ತನಾಗಿದ್ದೆ. ಫ್ಯಾಕ್ಟರಿ ಹೆಸರು ಬೇಡ, ಕಾಂಟ್ರಾಕ್ಟರ್ ಹೆಸರೂ ಬೇಡ. 2017ರ ಆಗಸ್ಟ್‌ನಲ್ಲಿ ಕಾಂಟ್ರಾಕ್ಟರ್ ಬದಲಾದರು. ಅದೇ ಕುರ್ಚಿ, ಅದೇ ರಿಜಿಸ್ಟರು, ಮೇಲೆ ಅದೇ ಕಿರ್ ಕಿರ್ ಅನ್ನುವ ಫ್ಯಾನು, ಸಂಬಳದ ಚೀಟಿ ಮೇಲಿನ ಹೆಸರು ಮಾತ್ರ ಬೇರೆ. ನನಗೇನೂ ಅನಿಸಲಿಲ್ಲ. ಆದರೆ ಪಿಎಫ್ ಲೆಕ್ಕದಲ್ಲಿ ನಾನು ಅವತ್ತು ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಸೇರಿದ್ದೆ! ಹೊಸ ಮೆಂಬರ್ ಐಡಿ (ಆ ಮಾಲೀಕರ ಕೆಳಗಿನ ಪಿಎಫ್ ಖಾತೆ ನಂಬರು) ಹುಟ್ಟಿಕೊಂಡಿತ್ತು, ಹಳೆಯದು ಹಾಗೇ ತೆರೆದ ಬಾಗಿಲಿನಂತೆ ಉಳಿದಿತ್ತು.

ಮೊದಲು ದುಡ್ಡಿನ ಲೆಕ್ಕ ಹೇಳ್ತೀನಿ, ಯಾಕಂದ್ರೆ ಪಾಸ್‌ಬುಕ್ ನೋಡಿದವರೆಲ್ಲ ಇಲ್ಲೇ ಎಡವೋದು. ನನ್ನ ಬೇಸಿಕ್ ಸಂಬಳ 8,000 ಇದ್ದಾಗ ನನ್ನಿಂದ 12% ಅಂದರೆ 960 ರೂಪಾಯಿ ಹಿಡೀತಿದ್ರು. ಮಾಲೀಕರೂ ಅಷ್ಟೇ ಹಾಕಬೇಕು, ಹಾಕ್ತಾರೆ, ಆದರೆ ಅದರಲ್ಲಿ 8.33% ಅಂದರೆ 666 ರೂಪಾಯಿ ಪಿಂಚಣಿಗೆ ಹೋಗುತ್ತೆ, ಪಿಎಫ್‌ಗೆ ಬೀಳೋದು ಬರೀ 294. ‘ಮಾಲೀಕ ನನ್ನ ದುಡ್ಡು ತಿಂದ’ ಅಂತ ಸುಮ್ನೆ ಜಗಳಕ್ಕೆ ಹೋದವರನ್ನು ನಾನೇ ನೋಡಿದ್ದೇನೆ. ಪಿಂಚಣಿ ಕಾಲಂನಲ್ಲಿ ಕಾಣುವ ಮೊತ್ತವೇ ಕೈಗೆ ಬರುತ್ತೆ ಅಂತಲೂ ಇಲ್ಲ. ಹತ್ತು ವರ್ಷ ಸರ್ವೀಸ್ ಆಗಿರದಿದ್ದರೆ 10ಸಿ ಫಾರಂ ಹಾಕಿ ತೆಗೆಯಬಹುದು. ಆದರೆ ಎಷ್ಟು ಕೊಡಬೇಕು ಅನ್ನೋದು ಸರ್ವೀಸು ಮತ್ತು ಕೊನೆಯ ಸಂಬಳ ನೋಡಿ, ಒಂದು ಕೋಷ್ಟಕದ ಪ್ರಕಾರ. ಹತ್ತು ವರ್ಷ ದಾಟಿದವರಿಗೆ ಅದು ಪಿಂಚಣಿಯಾಗೇ ಬರಬೇಕು, ಒಟ್ಟಿಗೆ ಸಿಗೋದಿಲ್ಲ.

ಇನ್ನು ಆ ‘ಪಿ’ ಕಥೆ. ನಮ್ಮ ಕಡೆ ಹೆಸರು ಅಂದ್ರೆ ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಮೂರೂ ಸೇರಿದ್ದು. ಯಾವುದು ಮುಂದೆ ಯಾವುದು ಹಿಂದೆ ಅನ್ನೋದು ಬರೆಯುವವನ ಮರ್ಜಿ. ಅದರ ಮೇಲೆ ನನ್ನ ಹೆಸರಿನ ಕೊನೆಗೆ ‘ಪ್ಪ’ ಇದೆ. ಆಧಾರ್‌ನಲ್ಲಿ ಇಂಗ್ಲಿಷಿನ ಎರಡು ಪಿ. ಮೊದಲ ಕಾಂಟ್ರಾಕ್ಟರ್ ಆಫೀಸಿನ ಕಂಪ್ಯೂಟರ್ ಹುಡುಗ ಒಂದೇ ಪಿ ಹೊಡೆದಿದ್ದ, ಅಡ್ಡಹೆಸರು ಮುಂದೆ ತಂದು ಅಪ್ಪನ ಹೆಸರನ್ನು ಒಂದು ಇನಿಷಿಯಲ್ ಮಾಡಿ ಮುಗಿಸಿದ್ದ. ಕನ್ನಡದಲ್ಲಿ ಓದಿದರೆ ಎರಡೂ ನಾನೇ. ಕಂಪ್ಯೂಟರಿಗೆ ಮಾತ್ರ ಇಬ್ಬರು ಮನುಷ್ಯರು.

(ಹುಟ್ಟಿದ ದಿನದ್ದೂ ಇದೇ ಪಾಡು. ನಮ್ಮೂರಲ್ಲಿ ನನ್ನ ವಾರಗೆಯವರನ್ನು ಕೇಳಿ, ಅರ್ಧ ಜನ ಜೂನ್ 1ಕ್ಕೆ ಹುಟ್ಟಿದವರು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖು ಅದು. ಆಧಾರ್‌ನಲ್ಲಿ ಬೇರೆ ಇರುತ್ತೆ. 2024ರ ಜನವರಿಯಿಂದ ಪಿಎಫ್‌ನಲ್ಲಿ ಹುಟ್ಟಿದ ದಿನಕ್ಕೆ ಆಧಾರ್ ಪುರಾವೆ ನಡೆಯೋದಿಲ್ಲ, ಮಾರ್ಕ್ಸ್ ಕಾರ್ಡೋ ಜನನ ಪತ್ರವೋ ಬೇಕು. ಹಳೆ ಟಿಸಿ ಟ್ರಂಕಿನಲ್ಲಿ ಎಲ್ಲಿದೆ ಅಂತ ಈಗಲೇ ಹುಡುಕಿಡಿ.)

ಲಾಕ್‌ಡೌನ್ ಬಂದು ಕೆಲಸ ಹೋಯಿತು. ಆಗ ಸರ್ಕಾರ ಕೊರೊನಾ ಅಡ್ವಾನ್ಸ್ ಅಂತ ಪಿಎಫ್‌ನಿಂದ ಮೂರು ತಿಂಗಳ ಸಂಬಳ ಅಥವಾ 75%, ಯಾವುದು ಕಡಿಮೆಯೋ ಅಷ್ಟು ತೆಗೆಯಲು ಬಿಟ್ಟಿತ್ತು. ಆಧಾರ್ ಸರಿಯಾಗಿ ಜೋಡಣೆಯಾಗಿದ್ದ ಗೆಳೆಯರಿಗೆ ಕೆಲವೇ ದಿನದಲ್ಲಿ ಬಂತು. ನನ್ನ ಆಧಾರ್ ಜೋಡಣೆಯೇ ಆಗಲಿಲ್ಲ, ಹೆಸರು ತಾಳೆ ಇಲ್ಲ ಅಂತ. ಮನೆಯಲ್ಲಿ ಜೋಳ ಇತ್ತು, ಪುಣ್ಯ. ಆ ಬೇಸಿಗೆ ಹಾಗೇ ಕಳೀತು.

ಹೆಸರು ತಿದ್ದೋಕೆ ಜಾಯಿಂಟ್ ಡಿಕ್ಲರೇಷನ್ ಕೊಡಬೇಕು, ಅಂದರೆ ನಾನು ಕೇಳಬೇಕು, ಕೊನೆಯ ಕಾಂಟ್ರಾಕ್ಟರ್ ಒಪ್ಪಬೇಕು. ಒಪ್ಪೋದು ಅಂದ್ರೆ ಏನು ಗೊತ್ತಾ? ಪೆನ್‌ಡ್ರೈವ್ ತರದ ಒಂದು ನೀಲಿ ಕಡ್ಡಿ, ಅದರಲ್ಲಿ ಅವರ ಡಿಜಿಟಲ್ ಸಹಿ ಇರುತ್ತೆ. ಅದನ್ನು ಕಂಪ್ಯೂಟರಿಗೆ ಚುಚ್ಚಿ ಎರಡು ಸಲ ಒತ್ತಿದರೆ ಕೆಲಸ ಮುಗೀತು. ಆ ನೀಲಿ ಕಡ್ಡಿಗಾಗಿ ನಾನು ಎಷ್ಟು ಸಲ ಹೊಸಪೇಟೆಗೆ ಬಸ್ ಹತ್ತಿದೆ ಅನ್ನೋದನ್ನ ಲೆಕ್ಕ ಇಟ್ಟಿಲ್ಲ. ಒಂದು ದಿನ ಅಕೌಂಟೆಂಟ್ ರಜೆ, ಕಡ್ಡಿ ಅವರ ಜೇಬಲ್ಲಿ. ಇನ್ನೊಂದು ದಿನ ಅದರ ಅವಧಿ ಮುಗಿದಿತ್ತು, ಹೊಸದು ಬರಬೇಕು. ಮತ್ತೊಂದು ದಿನ ಎಲ್ಲ ಇತ್ತು, ಕರೆಂಟ್ ಇರಲಿಲ್ಲ. ಯಾರೂ ಕೆಟ್ಟದಾಗಿ ಮಾತಾಡಲಿಲ್ಲ, ಚಹಾ ಕೂಡ ಕೊಟ್ಟರು. ಕೆಲಸ ಬಿಟ್ಟು ಹೋದವನ ಕಾಗದ ಯಾರಿಗೂ ಅರ್ಜೆಂಟ್ ಅಲ್ಲ, ಅಷ್ಟೇ.

2025ರ ಜನವರಿಯಲ್ಲಿ ನಿಯಮ ಸಡಿಲ ಮಾಡಿದರು ಅಂತ ಕೇಳಿ ಕುಣಿದಾಡಿದೆ. ಹೆಸರು, ಹುಟ್ಟಿದ ದಿನ, ಅಪ್ಪನ ಹೆಸರು, ಸೇರಿದ ಮತ್ತು ಬಿಟ್ಟ ದಿನ ಎಲ್ಲ ಮಾಲೀಕರ ಹಂಗಿಲ್ಲದೆ ತಾವೇ ತಿದ್ದಬಹುದು. ಆಮೇಲೆ ಪೂರ್ತಿ ಓದಿದೆ: 2017ರ ಅಕ್ಟೋಬರ್ 1ರ ನಂತರ ಆಧಾರ್ ಮೂಲಕ ಮಾಡಿಸಿದ ಯುಎಎನ್ (ಕೆಲಸ ಬದಲಿಸಿದರೂ ಬದಲಾಗದ ಪಿಎಫ್ ನಂಬರು) ಇದ್ದವರಿಗೆ ಮಾತ್ರ. ನನ್ನದು 2015ರದು. ಮತ್ತೆ ನೀಲಿ ಕಡ್ಡಿ. ಕೊನೆಗೆ ಆ ವರ್ಷದ ಬೇಸಿಗೆಯಲ್ಲಿ ಎರಡನೇ ಪಿ ಬಂದು ಕೂತಿತು.

ಆದರೆ ಒಂದು ವಿಷಯದಲ್ಲಿ ನಾನೇ ಬುದ್ಧಿಗೇಡಿ, ಅದನ್ನೂ ಹೇಳಿಬಿಡ್ತೀನಿ. ಮೊದಲ ಕಾಂಟ್ರಾಕ್ಟರ್ ನಾನು ಬಿಟ್ಟ ದಿನಾಂಕವನ್ನೇ ಹಾಕಿರಲಿಲ್ಲ. ಅದಿಲ್ಲದೆ ಹಳೆ ಐಡಿಯ ದುಡ್ಡು ಅಲ್ಲಾಡೋದಿಲ್ಲ. ಅವರು ಗುತ್ತಿಗೆ ಬಿಟ್ಟು ಎಲ್ಲಿಗೋ ಹೋಗಿದ್ದರು, ಫೋನ್ ಎತ್ತಲಿಲ್ಲ. ಸೈಬರ್ ಸೆಂಟರಿನವನೊಬ್ಬ ‘ನಾ ಮಾಡಿಸಿ ಕೊಡ್ತೀನಿ’ ಅಂತ 1,500 ಇಸಕೊಂಡ. ಅವನು ಮಾಡಿದ್ದು ಇಷ್ಟೇ: ವೆಬ್‌ಸೈಟಿನಲ್ಲಿ ‘ಮಾರ್ಕ್ ಎಕ್ಸಿಟ್’ ಒತ್ತಿ, ದಿನಾಂಕ ಹಾಕಿ, ನನ್ನ ಮೊಬೈಲಿಗೆ ಬಂದ ಒಟಿಪಿ ಕೇಳಿದ. ಕೊನೆಯ ಕಂತು ಬಿದ್ದು ಎರಡು ತಿಂಗಳಾಗಿದ್ದರೆ ಈ ಕೆಲಸ ನಾವೇ ಮಾಡಬಹುದು, 2020ರ ಜನವರಿಯಿಂದಲೇ ಇದೆ, ಪೈಸೆ ಖರ್ಚಿಲ್ಲ. ಆಧಾರ್ ಸರಿ ಇರಬೇಕು, ಅದರ ಮೊಬೈಲ್ ನಂಬರ್ ನಡೀತಿರಬೇಕು ಅಷ್ಟೇ.

ಎರಡು ಐಡಿ ಇದ್ದವರು ಬೇರೆ ಬೇರೆ ಬಿಡಿಸಿಕೊಳ್ಳೋಕೆ ಹೋಗಬೇಡಿ. ನನಗೆ ಒಂದರಲ್ಲಿ ಎರಡು ವರ್ಷ ಏಳು ತಿಂಗಳು, ಇನ್ನೊಂದರಲ್ಲಿ ಎರಡು ವರ್ಷ ಎಂಟು ತಿಂಗಳು. ಐದು ವರ್ಷ ತುಂಬದೆ 50,000ಕ್ಕೆ ಮೇಲೆ ತೆಗೆದರೆ 10% ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡೀತಾರೆ, ಪ್ಯಾನ್ ಕೊಡದಿದ್ದರೆ ಇನ್ನೂ ಜಾಸ್ತಿ. ಮೊದಲನೆಯದನ್ನು ಎರಡನೆಯದಕ್ಕೆ ಟ್ರಾನ್ಸ್‌ಫರ್ ಮಾಡಿಸಿದ ಮೇಲೆ ಐದು ವರ್ಷ ಮೂರು ತಿಂಗಳಾಯಿತು. ಆಮೇಲೆ ಪಿಎಫ್ ಪೂರ್ತಿ ತೆಗೆಯುವ ಫಾರಂ 19 ಹಾಕಿದೆ, ಒಂದು ರೂಪಾಯಿ ಕಡಿತ ಇಲ್ಲದೆ ಬಂತು. ಇಷ್ಟು ವರ್ಷ ಕೂತ ದುಡ್ಡಿಗೆ ಬಡ್ಡಿಯೂ ಸೇರಿತ್ತು, 2024-25ಕ್ಕೆ 8.25%. ಮೂರು ವರ್ಷಕ್ಕೆ ಬಡ್ಡಿ ನಿಂತುಹೋಗುತ್ತೆ ಅಂತ ಹೆದರಿಸೋದು ಹಳೆ ಮಾತು.

ಈಗ ಬಂಡಿ ಹತ್ತಿರ ಹೊಸ ಗಲಾಟೆ. 2025ರ ಅಕ್ಟೋಬರ್‌ನಲ್ಲಿ ಪಿಎಫ್ ಮಂಡಳಿ ಸಭೆ ಸೇರಿ, ಕೆಲಸ ಬಿಟ್ಟ ಮೇಲೆ ಪೂರ್ತಿ ಹಣ ತೆಗೆಯೋಕೆ ಎರಡು ತಿಂಗಳ ಬದಲು 12 ತಿಂಗಳು, ಪಿಂಚಣಿ ಭಾಗಕ್ಕೆ 36 ತಿಂಗಳು ಕಾಯಬೇಕು ಅಂತ ತೀರ್ಮಾನಿಸಿತಲ್ಲ, ಅದರದ್ದು. 75% ಕೂಡಲೇ ತೆಗೆಯಬಹುದು, 25% ಉಳಿಸಬೇಕು. ಹುಡುಗರು ಕೆಂಡವಾಗಿದ್ದಾರೆ. ನನಗೆ ಅಷ್ಟು ಸಿಟ್ಟಿಲ್ಲ. ಮುಕ್ಕಾಲು ಭಾಗ ನಿಜವಾಗಿ ಕೂಡಲೇ ಸಿಕ್ಕರೆ ಒಳ್ಳೇದೇ, ಆದರೆ ಹೆಸರಿನಲ್ಲೇ ತಪ್ಪಿದ್ದವನಿಗೆ 75 ಆದರೇನು 100 ಆದರೇನು, ಎರಡೂ ಗಾಜಿನ ಆಚೆಯ ಜಿಲೇಬಿ.

ನಾನು ಕೇಳೋದು ಬೇರೆ. ಕಾಂಟ್ರಾಕ್ಟ್ ಕಾರ್ಮಿಕರ ಪಿಎಫ್‌ಗೆ ಕೊನೆಗೆ ಹೊಣೆ ಫ್ಯಾಕ್ಟರಿಯದೇ ಅಂತ ಕಾನೂನಲ್ಲೇ ಇದೆ. ಹಾಗಿದ್ದ ಮೇಲೆ ಗುತ್ತಿಗೆ ಮುಗಿಸಿ ಹೋಗುವ ಕಾಂಟ್ರಾಕ್ಟರ್‌ನ ಕೊನೇ ಬಿಲ್ ಪಾಸ್ ಮಾಡುವ ಮುಂಚೆ, ಅವನ ಕೈಕೆಳಗಿದ್ದ ಪ್ರತಿಯೊಬ್ಬನ ಬಿಟ್ಟ ದಿನಾಂಕ ಹಾಕಿದ್ದಾನಾ, ಹೆಸರು ಆಧಾರ್‌ಗೆ ತಾಳೆ ಆಗಿದೆಯಾ ಅಂತ ಒಂದು ಪಟ್ಟಿ ಕೇಳಲಿ. ಲಾರಿ ಒಳಗೆ ಬರುವಾಗ ಒಂದು ತೂಕ, ಹೊರಗೆ ಹೋಗುವಾಗ ಒಂದು ತೂಕ, ಎರಡೂ ಇಲ್ಲದೆ ಕಾಟಾ ಚೀಟಿ ಕೊಡ್ತಿರಲಿಲ್ಲ ನಾವು. ಅದಿರಿಗೆ ಇರುವ ಲೆಕ್ಕ ಆಳಿಗೆ ಯಾಕಿಲ್ಲ?

ಪ್ರತಿ ತಿಂಗಳ 27ಕ್ಕೆ ಜಿಲ್ಲೆ ಜಿಲ್ಲೆಯಲ್ಲಿ ‘ನಿಧಿ ಆಪ್ಕೆ ನಿಕಟ್’ ಅಂತ ಪಿಎಫ್ ಶಿಬಿರ ನಡೆಯುತ್ತೆ. ಎಲ್ಲಿ, ಎಷ್ಟು ಗಂಟೆಗೆ ಅಂತ ಎರಡು ದಿನ ಮುಂಚೆ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಮೂಲೆಯಲ್ಲಾದರೂ ಹಾಕಿ ಸಂಪಾದಕರೇ. ಪೇಪರ್ ನನ್ನ ಬಂಡಿಗೆ ಬಂದೇ ಬರುತ್ತೆ. ಅವತ್ತಿನ ಪುಟ ಮಾತ್ರ ಮಿರ್ಚಿ ಕಟ್ಟೋಕೆ ಬಳಸದೆ ಕಂಬಕ್ಕೆ ಅಂಟಿಸ್ತೀನಿ.

– ಹಳೇ ಕಾಟಾ ಗುಮಾಸ್ತ, ಕೊಪ್ಪಳ