‘ವಸತಿ ಶಾಲೆ’ ಅಂದರೆ ಸಾಲದು

ಮಾನ್ಯ ಸಂಪಾದಕರೇ,

ಕೆನಡಾದಲ್ಲಿ ಮೂಲನಿವಾಸಿಗಳ ಮಕ್ಕಳನ್ನು ಬಲವಂತವಾಗಿ ಇಟ್ಟಿದ್ದ ವಸತಿ ಶಾಲೆಗಳ ನೆನಪಿಗೆ ಸೆಪ್ಟೆಂಬರ್ 30ರಂದು ನಡೆಯುವ ಸ್ಮರಣೆ ದಿನದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಸುದ್ದಿ ಓದಿದೆ. ಅಷ್ಟು ದೂರದ ವಿಷಯಕ್ಕೂ ಜಾಗ ಕೊಟ್ಟಿರಿ, ಸಂತೋಷ. ಆದರೆ ಅದರಲ್ಲಿ ‘ವಸತಿ ಶಾಲೆಯ ಹಳೆಯ ವಿದ್ಯಾರ್ಥಿಗಳು’ ಅಂತ ಬರೆದಿದ್ದೀರಿ. ಆ ಮಾತು ಮನಸ್ಸಿನಿಂದ ಹೋಗುತ್ತಲೇ ಇಲ್ಲ.

ನಾನು ಹಾಸನ ಜಿಲ್ಲೆಯ ಒಂದು ವಸತಿ ಶಾಲೆಯಲ್ಲಿ ಹನ್ನೊಂದು ವರ್ಷ ಕನ್ನಡ ಕಲಿಸಿದವಳು. ನಮ್ಮ ಕಡೆ ವಸತಿ ಶಾಲೆ ಅಂದರೆ ಒಳ್ಳೆಯ ಮಾತು. ಮಗುವಿಗೆ ಮೊರಾರ್ಜಿ ಶಾಲೆಯಲ್ಲಿ ಸೀಟು ಸಿಕ್ಕಿದರೆ ಅಪ್ಪ ಅಮ್ಮ ದೇವಸ್ಥಾನಕ್ಕೆ ಹೋಗಿ ಕಾಯಿ ಒಡೆಸುತ್ತಾರೆ. ಭಾನುವಾರ ಬಂದರೆ ಸಾಕು, ಚಕ್ಕುಲಿ ಡಬ್ಬಿ ಹಿಡಿದ ತಾಯಂದಿರು ಗೇಟಿನ ಹತ್ತಿರ ಕಾಯುತ್ತಿರುತ್ತಾರೆ. ಹಳೆಯ ವಿದ್ಯಾರ್ಥಿಗಳು ಅಂದರೆ ಗುರುವಂದನೆ, ಶಾಲು, ಫೋಟೊ. ಅದೇ ಮಾತನ್ನು ಅಲ್ಲಿಗೂ ಹಾಕಿದರೆ ಓದುವವರ ಕಣ್ಣಿಗೆ ಬೇರೆಯೇ ಚಿತ್ರ ಬರುತ್ತದೆ ಅಲ್ವಾ?

ಈಗ ವರ್ಷದಲ್ಲಿ ಆರು ತಿಂಗಳು ಕೆನಡಾದ ಒಂಟಾರಿಯೊದ ಬ್ರಾಂಟ್‌ಫರ್ಡ್‌ನಲ್ಲಿ ಮಗನ ಮನೆಯಲ್ಲಿರುತ್ತೇನೆ. ಅಲ್ಲಿಂದ ಕಾರಲ್ಲಿ ಹತ್ತು ನಿಮಿಷ ಹೋದರೆ ಮೊಹಾಕ್ ಇನ್‌ಸ್ಟಿಟ್ಯೂಟ್, ಅಂಥದ್ದೇ ಒಂದು ಹಳೆಯ ಶಾಲೆ. ದೊಡ್ಡ ಕೆಂಪು ಇಟ್ಟಿಗೆ ಕಟ್ಟಡ. 1831ರಿಂದ 1970ರವರೆಗೆ ಮೂಲನಿವಾಸಿಗಳ ಮಕ್ಕಳನ್ನು ಇಲ್ಲಿ ತಂದು ಇಡುತ್ತಿದ್ದರು. ಮಕ್ಕಳು ಅದಕ್ಕೆ ಇಟ್ಟ ಹೆಸರು ‘ಮಷ್ ಹೋಲ್’, ಅಂದರೆ ಗಂಜಿ ಗುಂಡಿ. ದಿನಾ ಅದೇ ಓಟ್ಸ್ ಗಂಜಿ ತಿಂದು ತಿಂದು ಇಟ್ಟ ಹೆಸರು. ಅಂಗಳದಲ್ಲಿ ಸೇಬಿನ ಮರಗಳಿದ್ದವು. ಹಣ್ಣು ಕೀಳುವಂತಿರಲಿಲ್ಲ. ಒಂದೇ ಕಟ್ಟಡದಲ್ಲಿದ್ದರೂ ಅಣ್ಣ ತಂಗಿ ಮಾತಾಡುವಂತಿರಲಿಲ್ಲ. ಮನೆಮಾತು ಆಡಿದರೆ ಏಟು. ಹೆಸರಿನ ಬದಲು ನಂಬರು.

ಕಟ್ಟಡದ ಹಿಂದಿನ ಗೋಡೆಯ ಹತ್ತಿರ ತುಂಬಾ ಹೊತ್ತು ನಿಂತಿದ್ದೆ. ಅಲ್ಲಿಯ ಇಟ್ಟಿಗೆಗಳ ಮೇಲೆ ಮಕ್ಕಳು ಕೆರೆದು ಬರೆದಿದ್ದಾರೆ. ಹೆಸರುಗಳು, ಬರೀ ಅಕ್ಷರಗಳು, ಅಲ್ಲಲ್ಲಿ ನಂಬರು. ನಮ್ಮ ಹುಡುಗರು ಕಂಪಾಸಿನಿಂದ ಡೆಸ್ಕಿನ ಮೇಲೆ ಹೆಸರು ಕೆತ್ತಿದಾಗ ನಾನು ಎಷ್ಟು ಬೈದಿದ್ದೇನೆ. ಇಲ್ಲಿ ಒಂದು ಅಕ್ಷರದ ಮೇಲೆ ಬೆರಳಿಟ್ಟೆ. ಉಗುರು ಹಿಡಿಸುವಷ್ಟು ಆಳವಾಗಿತ್ತು. ಹೆಸರೇ ಕೂಗದ ಕಡೆ ಆ ಮಗು ತನ್ನ ಹೆಸರು ಬರೆದುಕೊಂಡಿದೆ.

ಇದು ಒಂದು ಶಾಲೆಯ ಕಥೆ ಮಾತ್ರ ಅಲ್ಲ. ಕೆನಡಾದ ಉದ್ದಗಲಕ್ಕೂ ನೂರಕ್ಕಿಂತ ಜಾಸ್ತಿ ಇಂಥ ಶಾಲೆಗಳಿದ್ದವು. ದುಡ್ಡು ಸರ್ಕಾರದ್ದು, ನಡೆಸಿದ್ದು ಚರ್ಚುಗಳು. 1920ರಲ್ಲಿ ಕಾನೂನು ತಿದ್ದಿ, ಮಕ್ಕಳನ್ನು ಕಳಿಸುವುದು ಕಡ್ಡಾಯ ಅಂದರು. ಒಟ್ಟಾರೆ ಸುಮಾರು 1,50,000 ಮಕ್ಕಳು ಹೋದರು. ಹಾಗೆ ಹೋಗಿ ವಾಪಸ್ ಬರದ 4,000ಕ್ಕೂ ಹೆಚ್ಚು ಮಕ್ಕಳ ಹೆಸರು ತೀರಿಕೊಂಡವರ ಪಟ್ಟಿಯಲ್ಲಿದೆ. ಕ್ಷಯದಿಂದ ಮಕ್ಕಳು ಸಾಯುತ್ತಿದ್ದಾರೆ ಅಂತ ಡಾಕ್ಟರ್ ಪೀಟರ್ ಬ್ರೈಸ್ 1907ರಲ್ಲೇ ಸರ್ಕಾರಕ್ಕೆ ವರದಿ ಕೊಟ್ಟಿದ್ದರು. ಆದರೂ ಕೊನೆಯ ಶಾಲೆ ಮುಚ್ಚಿದ್ದು 1990ರ ದಶಕದಲ್ಲಿ. ಅಂದರೆ ನಾನು ಆಗಲೇ ಟೀಚರಾಗಿ ಪಾಠ ಮಾಡುತ್ತಿದ್ದೆ.

ಅಲ್ಲಿಂದ ಬಂದವರು ತಮ್ಮನ್ನು ಹಳೆಯ ವಿದ್ಯಾರ್ಥಿಗಳು ಅಂತ ಕರೆದುಕೊಳ್ಳುವುದಿಲ್ಲ. ಅವರ ಮಾತು ಸರ್ವೈವರ್. ಬದುಕಿ ಉಳಿದವರು. ಕನ್ನಡದಲ್ಲಿ ಅಷ್ಟೇ ಸರಳವಾಗಿ ಹೇಳಬಹುದು, ಬೇರೆ ಪದ ಹುಡುಕಬೇಕಾಗಿಲ್ಲ. ಶಾಲೆಗೂ ‘ಬಲವಂತದ ವಸತಿ ಶಾಲೆ’ ಅಂತ ಒಂದು ಮಾತು ಸೇರಿಸಿದರೆ ಓದುವವರು ಅಲ್ಲೇ ನಿಂತು ಯೋಚಿಸುತ್ತಾರೆ.

ಇದು ನಮಗೆ ಸಂಬಂಧವಿಲ್ಲದ ವಿಷಯವೂ ಅಲ್ಲ. ಈ ಶಾಲೆಗಳ ಬಗ್ಗೆ ವಿಚಾರಿಸಿದ ಕೆನಡಾದ ಸತ್ಯ ಮತ್ತು ಸಮನ್ವಯ ಆಯೋಗ 2015ರಲ್ಲಿ ಆಗಬೇಕಾದ 94 ಕೆಲಸಗಳನ್ನು ಹೇಳಿತು. ಅದರಲ್ಲಿ ಕೊನೆಯ ಎರಡು ನಮ್ಮಂಥ ಹೊಸಬರ ಬಗ್ಗೆ. ಆ ಪ್ರಕಾರ 2021ರಲ್ಲಿ ಪೌರತ್ವದ ಪ್ರಮಾಣ ವಚನ ಬದಲಾಯಿತು. ನನ್ನ ಮಗ ಪ್ರಮಾಣ ಮಾಡಿದ್ದು ಆಮೇಲೆ. ಅಡುಗೆಮನೆ ಮೇಜಿನ ಮುಂದೆ, ಲ್ಯಾಪ್‌ಟಾಪ್ ನೋಡಿಕೊಂಡು, ಬಲಗೈ ಎತ್ತಿ, ಮೂಲನಿವಾಸಿಗಳ ಹಕ್ಕು ಮತ್ತು ಒಪ್ಪಂದದ ಹಕ್ಕುಗಳನ್ನು ಒಪ್ಪುವ ಸಂವಿಧಾನದಂತೆ ನಡೆಯುತ್ತೇನೆ ಅಂದ. ಆಮೇಲೆ ‘ಯಾವ ಒಪ್ಪಂದನಪ್ಪಾ?’ ಅಂತ ಕೇಳಿದೆ. ಅವನಿಗೂ ಗೊತ್ತಿರಲಿಲ್ಲ. ಆಮೇಲೆಯೇ ನಾವಿಬ್ಬರೂ ಆ ಕಟ್ಟಡ ನೋಡಲು ಹೋಗಿದ್ದು.

ಕರ್ನಾಟಕದಿಂದ ಕೆನಡಾಕ್ಕೆ ಹೊರಡುವ ಮಕ್ಕಳಿಗೆ ವೀಸಾ, ಫೀಸು, ಚಳಿ ಬಟ್ಟೆ ಎಲ್ಲದರ ಬಗ್ಗೆ ಪತ್ರಿಕೆಗಳು ಬರೆಯುತ್ತವೆ. ಹೋಗಿ ಇಳಿಯುವ ನೆಲ ಯಾರದು, ಅಲ್ಲಿ ಏನು ನಡೆಯಿತು ಅನ್ನುವುದನ್ನೂ ದಯವಿಟ್ಟು ಬರೆಯಿರಿ. ಮುಂದಿನ ಸೆಪ್ಟೆಂಬರ್ 30ಕ್ಕೆ ಮೊದಲೇ ಬರೆದರೆ ಆ ಇಟ್ಟಿಗೆಗಳ ಫೋಟೊ ನಾನೇ ಕಳಿಸಿಕೊಡುತ್ತೇನೆ.

ಇಂತಿ,
ಒಬ್ಬ ನಿವೃತ್ತ ಕನ್ನಡ ಶಿಕ್ಷಕಿ
ಹಾಸನ (ಸದ್ಯ ಬ್ರಾಂಟ್‌ಫರ್ಡ್, ಕೆನಡಾ)