ಇಂಟರ್ನ್‌ಶಿಪ್ ಮುಗಿಯಿತು, ಕೆಲವರಿಗೆ ಥ್ಯಾಂಕ್ಸ್ ಹೇಳಬೇಕು

ಸರ್ಟಿಫಿಕೇಟ್ ಕಾಲೇಜಿಗೆ ಕೊಟ್ಟಾಯಿತು. 2024ರಲ್ಲಿ ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ ಶುರುವಾದಾಗ ಇಂಟರ್ನ್‌ಶಿಪ್ಪೂ ಅದರ ಜೊತೆಗೇ ಬಂತು. ಕನ್ನಡ ಬಿ.ಎ. ಓದುವವಳಿಗೆ ಸೋಷಿಯಲ್ ಮೀಡಿಯಾ ಆಫೀಸಿನಲ್ಲಿ ಏನು ಕೆಲಸ ಅಂತ ಮನೆಯಲ್ಲೇ ಕೇಳಿದ್ದರು. ಕೆಲಸಕ್ಕೇನೂ ಬರವಿರಲಿಲ್ಲ. ಕಲಿಸಿದವರ ಹೆಸರು ಹಾಕುವುದಿಲ್ಲ. ಓದಿದರೆ ಅವರಿಗೇ ಗೊತ್ತಾಗುತ್ತದೆ.

ಮೊದಲ ಥ್ಯಾಂಕ್ಸ್ ಚೇಚಿಗೆ (ಮಲಯಾಳದಲ್ಲಿ ಅಕ್ಕ). ಕಾಸರಗೋಡು ಹೊಸ ಬಸ್‌ಸ್ಟ್ಯಾಂಡ್ ಹತ್ತಿರದ ಆ ಪುಟ್ಟ ಆಫೀಸು ಅವರದು. ಕನ್ನಡ ಓದಲು ಬರುವುದಿಲ್ಲ. ಆದರೂ ಕುಂಬಳೆ ಕಡೆಯ ಒಂದು ಯಕ್ಷಗಾನ ಸಂಘದ ಪೇಜನ್ನು ಪೂರ್ತಿ ನನ್ನ ಕೈಗೆ ಕೊಟ್ಟರು. ಯಾವ ಪೋಸ್ಟ್ ತೋರಿಸಿದರೂ ಒಂದೇ ಪ್ರಶ್ನೆ: "ಇದನ್ನು ನೋಡಿದವರು ಯಾರಿಗೆ ಕಳಿಸುತ್ತಾರೆ?"

ಅದರ ಅರ್ಥ ಆದದ್ದು ಇನ್‌ಸೈಟ್ಸ್, ಅಂದರೆ ಪೋಸ್ಟನ್ನು ಎಷ್ಟು ಜನ ನೋಡಿದರು, ಕಳಿಸಿದರು ಎನ್ನುವ ಲೆಕ್ಕ, ತೆರೆದು ನೋಡಿದಾಗ. ಕಿರೀಟ, ಬೆಳಕು, ಧಿಗಿಣ (ಸುತ್ತಿ ಹಾರುವ ಕುಣಿತ) ಇರುವ ರೀಲ್‌ಗೆ ಲೈಕ್ ಜಾಸ್ತಿ. ಆದರೆ ಜನ ಒಬ್ಬರಿಂದ ಒಬ್ಬರಿಗೆ ಕಳಿಸಿದ್ದು ಸಾದಾ ಪೋಸ್ಟರನ್ನು. ಅದರಲ್ಲಿ ಇದ್ದದ್ದು ಪ್ರಸಂಗ, ಜಾಗ, ಶುರುವಾಗುವ ಹೊತ್ತು, ಊಟ ಇದೆಯೋ ಇಲ್ಲವೋ, ಅಷ್ಟೇ. ಆಟಕ್ಕೆ (ಯಕ್ಷಗಾನಕ್ಕೆ ನಮ್ಮ ಕಡೆ ಆಟ ಅಂತಲೇ ಹೇಳುವುದು) ಬರುವವರಿಗೆ ಬೇಕಾದದ್ದೂ ಅದೇ ಅಲ್ವಾ? ಆಮೇಲೆ ಜಾಗ ಮತ್ತು ಹೊತ್ತನ್ನು ಮಲಯಾಳದಲ್ಲೂ ಹಾಕಿದೆವು. ಪ್ರಸಂಗ ಕನ್ನಡದ್ದಾದರೂ ನೋಡುವವರ ಮನೆಮಾತು ತುಳು, ಮಲಯಾಳ, ಕೊಂಕಣಿ, ಹವ್ಯಕ ಹೀಗೆ ಏನು ಬೇಕಾದರೂ ಇರಬಹುದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನಲ್ಲಿ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಫೋನ್ ಮುಂದೆ ಕೂತಾಗ ಮಾತ್ರ ಮರೆತುಹೋಗುತ್ತದೆ.

ಪ್ರೆಸ್ಸಿನ ಅಣ್ಣನಿಗೆ ದೊಡ್ಡ ನಮಸ್ಕಾರ. ಆಟದ ನೋಟೀಸು ನುಡಿ ಫಾಂಟಿನಲ್ಲಿ ಬರುತ್ತಿತ್ತು. ಅದನ್ನು ಇನ್‌ಸ್ಟಾಗ್ರಾಂಗೆ ಪೇಸ್ಟ್ ಮಾಡಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹಳೆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿರುತ್ತವೆ, ಹಾಗಾಗಿ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಬೇಕು ಅಂತ ತೋರಿಸಿಕೊಟ್ಟವರು ಅವರು. ಬದಲಾಯಿಸಿದ ಮೇಲೂ ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿಸುತ್ತಿದ್ದರು. ಕೆಲವು ವಿಡಿಯೋ ಆ್ಯಪ್‌ಗಳಲ್ಲಿ ಒತ್ತು ಕಳಚಿ ಪಕ್ಕಕ್ಕೆ ಹೋಗಿ ನಿಲ್ಲುತ್ತದೆ. ಅಂಥಲ್ಲಿ ಬರಹವನ್ನು ಚಿತ್ರವಾಗಿ ಮಾಡಿ ಅಂಟಿಸುವ ಉಪಾಯವೂ ಅವರದೇ. ರೀಲ್‌ನ ಅಳತೆ 1080ಕ್ಕೆ 1920, ಕೆಳಗಿನ ಭಾಗವನ್ನು ಹೆಸರು, ಕ್ಯಾಪ್ಶನ್ ಮುಚ್ಚುತ್ತವೆ, ಅಲ್ಲಿ ಏನೂ ಬರೆಯಬೇಡ. ಇದು ಚೇಚಿಯ ಪಾಠ.

ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಬಣ್ಣ ಹಚ್ಚಿಕೊಳ್ಳುತ್ತಿದ್ದ ಹಿರಿಯ ವೇಷಧಾರಿಗಳಿಗೆ ಏನು ಹೇಳಲಿ! ಫೋಟೋ ತೆಗೆಯಬಹುದಾ ಎಂದು ಕೇಳಿದ್ದಕ್ಕೆ ಕನ್ನಡಿಯಿಂದ ಕಣ್ಣು ತೆಗೆಯದೆ, "ವೇಷ ಪೂರ್ತಿ ಆಗಲಿ ಮಗಾ, ಅರ್ಧ ಮುಖ ಊರಿಗೆ ತೋರಿಸುವುದು ಬೇಡ" ಅಂದರು. 'ತೆರೆಮರೆಯ ನೋಟ' ಅಂತ ಹಾಕಿದರೆ ಓಡುತ್ತದೆ ಎಂದು ಈ ಕೆಲಸದಲ್ಲಿ ಎಲ್ಲರೂ ಹೇಳುತ್ತಾರೆ. ಓಡಬಹುದು. ಆದರೆ ಮುಖ ಅವರದು. ಆ ದಿನ ಗೆಜ್ಜೆ ಕಟ್ಟುವ ಕೈ ಮಾತ್ರ ತೆಗೆದೆ, ಅವರನ್ನು ಕೇಳಿಯೇ. ಆಟದ ಹಾಡು ಹೇಳುವ ಭಾಗವತರೂ ಹಾಗೆಯೇ: "ಪದವನ್ನು ನಡುವಲ್ಲಿ ಕತ್ತರಿಸಬೇಡ, ತಾಳದ ಒಂದು ಆವರ್ತ ಮುಗಿಯಲಿ." ಮೊದಲ ಮೂರು ಸೆಕೆಂಡಿನಲ್ಲೇ ನೋಡುವವರನ್ನು ಹಿಡಿಯಬೇಕು ಎನ್ನುವ ನಿಯಮಕ್ಕೂ ಭಾಗವತರ ತಾಳಕ್ಕೂ ನಡುವೆ ಕೂತು ನಾನು ಎಡಿಟ್ ಮಾಡಿದ್ದೇನೆ. ಹೆಚ್ಚಿನ ಸಲ ಗೆದ್ದದ್ದು ತಾಳ.

ಕಾಲೇಜಿನ ಟೀಚರ್‌ಗೆ, ರಾತ್ರಿ ಆಟದಿಂದ ಮನೆಗೆ ಕರೆದುಕೊಂಡು ಬಂದ ಮಾವನಿಗೆ, ಮಲಯಾಳ ತಿದ್ದಿಕೊಟ್ಟ ಗೆಳತಿಗೆ ಕೂಡ ಥ್ಯಾಂಕ್ಸ್.

ವರ್ಷದ ಆಟಗಳು ಮುಗಿಯುವ ಪತ್ತನಾಜೆ ಕಳೆಯಿತು, ಗೆಜ್ಜೆ ಬಿಚ್ಚಿಯಾಯಿತು. ಮಳೆಗಾಲದಲ್ಲಿ ವೇಷವಿಲ್ಲದೆ ಕೂತು ನಡೆಸುವ ತಾಳಮದ್ದಳೆಯ ಪೋಸ್ಟರ್‌ಗಳನ್ನು ಸಂಘದವರು ನನಗೇ ಒಪ್ಪಿಸಿದ್ದಾರೆ, ಈ ಸಲ ದುಡ್ಡು ಕೊಟ್ಟು. ಮೊದಲ ಸಂಪಾದನೆಯಲ್ಲಿ ಅಮ್ಮನ ಫೋನಿಗೆ ರೀಚಾರ್ಜ್. ಇಷ್ಟು ದಿನ ಅವರ ಹಾಟ್‌ಸ್ಪಾಟ್ ಖಾಲಿ ಮಾಡಿದವಳು ನಾನೇ.